ಕಂಕುಳಿನ ಚರ್ಮವನ್ನೇ ತೆಗೆಯಬೇಕಂತೆ, ಒಪ್ಪಲೇ?

ಪ್ರಶ್ನೆ: ನನಗೆ 32 ವರ್ಷ. ಹುಟ್ಟೂರು ಕುಂದಾಪುರದ ಹತ್ತಿರ, ಮದುವೆಯಾಗಿ ಬಂದದ್ದು ಡೊಂಬಿವಲಿಗೆ. ಮುಂಬಯಿಯ ಫೋರ್ಟ್‌ನಲ್ಲಿ ಲೆಕ್ಕಪತ್ರದ ಕೆಲಸ. ಇಪ್ಪತ್ತರ ವಯಸ್ಸಿನಿಂದಲೂ ಎರಡೂ ಕಂಕುಳಲ್ಲಿ ಕುರು ಏಳುತ್ತಿದೆ. ಈಗ ಬಲ ತೊಡೆಸಂದಿನಲ್ಲೂ ಶುರುವಾಗಿದೆ. ಏಳೆಂಟು ಸಲ ಕೊಯ್ದು ಕೀವು ತೆಗೆಸಿದ್ದೇನೆ. ನಡುವೆ ಒಮ್ಮೆ ಕ್ಷಯವೆಂದು ಹೇಳಿ ಆರು ತಿಂಗಳು ಮಾತ್ರೆ ಕೊಟ್ಟರು. ಆಗ ಕಡಿಮೆಯಾದಂತೆ ಕಂಡಿತು, ಮಾತ್ರೆ ಮುಗಿದ ಮೇಲೆ ಮತ್ತೆ ಅದೇ ಕಥೆ. ಕಳೆದ ವರ್ಷ ಚರ್ಮದ ಡಾಕ್ಟರು ಇದು ಹೈಡ್ರಾಡೆನೈಟಿಸ್ ಸಪ್ಯುರೇಟಿವಾ, ಮೂರನೆಯ ಹಂತ ಎಂದರು. ಎಂಟು ತಿಂಗಳಿಂದ ಅಡಾಲಿಮುಮ್ಯಾಬ್ ಇಂಜೆಕ್ಷನ್ ನಡೆಯುತ್ತಿದೆ. ನೋವು ಇಳಿದಿದೆ, ಕೀವು ನಿಂತಿಲ್ಲ. ಈಗ ಆಪರೇಷನ್ ಎಂದಿದ್ದಾರೆ. ಕಂಕುಳಿನ ಚರ್ಮವನ್ನೆಲ್ಲ ತೆಗೆದು ತೊಡೆಯ ಚರ್ಮ ಕಸಿ ಮಾಡುತ್ತೇವೆ ಎಂದು ಒಬ್ಬ ಸರ್ಜನ್ ಹೇಳಿದರೆ, ಬೆನ್ನಿನಿಂದ ಫ್ಲ್ಯಾಪ್, ಅಂದರೆ ರಕ್ತನಾಳದ ಸಮೇತ ಚರ್ಮವನ್ನು, ತಿರುಗಿಸುವುದೇ ಒಳ್ಳೆಯದು ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದಕ್ಕೆ ಒಪ್ಪಲಿ? ಆಮೇಲೆ ಕೈ ಎತ್ತಲು ಬರುತ್ತದೆಯೇ? ಮತ್ತೆ ಬರುವುದಿಲ್ಲವೇ? ನಮಗೆ ಮಗುವೂ ಬೇಕಾಗಿದೆ. ರಕ್ತ ಕೆಟ್ಟಿದೆ, ನೀನು ಸರಿಯಾಗಿ ಸ್ನಾನ ಮಾಡುವುದಿಲ್ಲ ಎನ್ನುತ್ತಾರೆ ಅತ್ತೆ. ದಿನಕ್ಕೆರಡು ಸಲ ಡೆಟ್ಟಾಲ್ ಹಾಕಿ ತೊಳೆಯುತ್ತೇನೆ.

ಉತ್ತರ: ಒಪ್ಪಿಕೊಳ್ಳಿ. ನಿಮ್ಮನ್ನು ಪರೀಕ್ಷಿಸದೆ ಇಷ್ಟು ದೂರದಿಂದ ಬರೆಯುತ್ತಿದ್ದೇನೆ, ನಿಜ. ಆದರೆ ಹನ್ನೆರಡು ವರ್ಷದ ರೋಗ, ಮೂರನೆಯ ಹಂತ, ಎಂಟು ತಿಂಗಳ ಇಂಜೆಕ್ಷನ್ ಆದ ಮೇಲೂ ಸೋರುತ್ತಿರುವ ಕೀವು, ಇಷ್ಟು ಒಟ್ಟಿಗೆ ಇರುವಾಗ ಶಸ್ತ್ರಚಿಕಿತ್ಸೆಯನ್ನು ಇನ್ನೂ ಮುಂದೂಡುವುದರಲ್ಲಿ ಲಾಭವಿಲ್ಲ. ಕಸಿಯೋ ಫ್ಲ್ಯಾಪೋ ಎಂಬುದಕ್ಕೆ ಆಮೇಲೆ ಬರುತ್ತೇನೆ. ಇಬ್ಬರು ಸರ್ಜನ್‌ಗಳ ನಡುವೆ ನೀವು ಆರಿಸಬೇಕಾದದ್ದು ಆ ಪ್ರಶ್ನೆಯ ಮೇಲಲ್ಲ. ಗಾಯವನ್ನು ಯಾವುದರಿಂದ ಮುಚ್ಚುತ್ತಾರೆ ಎನ್ನುವುದಕ್ಕಿಂತ ಮೊದಲು, ರೋಗವಿರುವ ಚರ್ಮವನ್ನು ಎಷ್ಟರಮಟ್ಟಿಗೆ ತೆಗೆಯುತ್ತಾರೆ ಎಂದು ಕೇಳಿ. ಈ ಕಾಯಿಲೆ ಮರಳುವುದು ಹೆಚ್ಚಾಗಿ ತೆಗೆಯದೆ ಉಳಿಸಿದ ಜಾಗದಿಂದ. ಮುಚ್ಚುವುದು ಕಷ್ಟವಾದೀತೆಂಬ ಲೆಕ್ಕದಲ್ಲಿ ಕೊಯ್ಯುವುದನ್ನು ಕಡಿಮೆ ಮಾಡಿದರೆ ಎಷ್ಟು ಚೆಂದದ ಫ್ಲ್ಯಾಪ್ ಹಾಕಿದರೂ ಅದರ ಅಂಚಿನಲ್ಲೇ ಮತ್ತೆ ಗಂಟು ಕಾಣಿಸಿಕೊಳ್ಳುತ್ತದೆ.

ಮೊದಲು ನಿಮ್ಮ ಅತ್ತೆಯವರ ಮಾತಿನ ವಿಷಯ. ಇದು ಕೊಳಕಿನಿಂದ ಬರುವ ರೋಗವಲ್ಲ, ರಕ್ತ ಕೆಟ್ಟದ್ದೂ ಅಲ್ಲ, ಒಬ್ಬರಿಂದ ಒಬ್ಬರಿಗೆ ಅಂಟುವುದೂ ಇಲ್ಲ. ಗಂಡನಿಗಾಗಲಿ ಮುಂದೆ ಎತ್ತಿಕೊಳ್ಳುವ ಮಗುವಿಗಾಗಲಿ ನಿಮ್ಮ ಮೈ ಸೋಕಿದರೆ ಏನೂ ಆಗುವುದಿಲ್ಲ. ಇದನ್ನು ಬೆವರಿನ ಗ್ರಂಥಿಯ ರೋಗವೆಂದು ಬಹಳ ಕಾಲ ತಿಳಿದಿದ್ದರು. ಶುರುವಾಗುವುದು ಕೂದಲ ಬುಡದಲ್ಲಿ ಎಂಬುದು ಈಗ ಸ್ಪಷ್ಟವಾಗಿದೆ. ಚರ್ಮಕ್ಕೆ ಚರ್ಮ ಉಜ್ಜುವ ಕಂಕುಳು, ತೊಡೆಸಂದು, ಸ್ತನದ ಕೆಳಭಾಗ, ಪೃಷ್ಠ ಇಂಥ ಕಡೆಗಳಲ್ಲಿ ಕೂದಲ ಬುಡದ ಬಾಯಿ ಕಟ್ಟಿಕೊಳ್ಳುತ್ತದೆ, ಒಳಗೆ ಉಬ್ಬಿ ಒಡೆಯುತ್ತದೆ. ಒಡೆದು ಹರಡಿದ ವಸ್ತುವಿನ ಮೇಲೆ ದೇಹದ ರಕ್ಷಣಾ ವ್ಯವಸ್ಥೆ ಅತಿಯಾಗಿ ಮುಗಿಬೀಳುತ್ತದೆ. ಕೀವು ಹುಟ್ಟುವುದು ಆ ಉರಿಯೂತದಿಂದ. ಹಾಗಾಗಿಯೇ ಎಷ್ಟೋ ಸಲ ಕೀವಿನ ಕಲ್ಚರ್ ಪರೀಕ್ಷೆಯಲ್ಲಿ ಹೇಳಿಕೊಳ್ಳುವಂಥ ರೋಗಾಣು ಸಿಗುವುದಿಲ್ಲ. ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಬ್ಬರ ಮನೆಯಲ್ಲಿ ಇನ್ನಾರಿಗಾದರೂ ಇದು ಇರುತ್ತದೆ. ಮೈತೂಕ ಮತ್ತು ತಂಬಾಕು ಇದನ್ನು ಕೆರಳಿಸುತ್ತವೆ. ಡೆಟ್ಟಾಲ್ ತೊಳೆತವನ್ನು ಇವತ್ತೇ ನಿಲ್ಲಿಸಿ. ಉರಿದು ಕೆಂಪಾಗಿರುವ ಚರ್ಮ ಅದರಿಂದ ಇನ್ನಷ್ಟು ಒಣಗಿ ಬಿರಿಯುತ್ತದೆ. ನಿಮ್ಮ ಡಾಕ್ಟರು ಬರೆದುಕೊಟ್ಟ ಮೃದುವಾದ ಸೋಪು ಸಾಕು. ಈ ಪ್ಯಾರಾವನ್ನು ಅತ್ತೆಯವರಿಗೆ ಓದಿ ಹೇಳಿ, ಅಥವಾ ಗಂಡನಿಂದಲೇ ಹೇಳಿಸಿ.

ಏಳೆಂಟು ಸಲ ಕೊಯ್ದರೂ ವಾಸಿಯಾಗದೆ ಇದ್ದದ್ದು ನಿಮ್ಮ ದುರದೃಷ್ಟವಲ್ಲ. ಈ ರೋಗದಲ್ಲಿ ಕುರು ಕೊಯ್ದು ಕೀವು ತೆಗೆದರೆ ಆ ರಾತ್ರಿ ನಿದ್ದೆ ಬರುತ್ತದೆ, ಅಷ್ಟೇ. ಹಾಗೆ ಮಾತ್ರ ಮಾಡಿಸಿಕೊಂಡವರಲ್ಲಿ ಬಹುತೇಕ ಎಲ್ಲರಿಗೂ ಅದೇ ಜಾಗದಲ್ಲಿ ಮರಳುತ್ತದೆ. ಚರ್ಮದ ಕೆಳಗೆ ಆಗಲೇ ಸುರಂಗಗಳು ಹುಟ್ಟಿಕೊಂಡಿರುತ್ತವೆ. ಊರಿನ ಗದ್ದೆಯ ಅಂಚಿನಲ್ಲಿ ಏಡಿ ತೋಡಿದ ಬಿಲವನ್ನು ನೆನಪಿಸಿಕೊಳ್ಳಿ. ಒಂದು ಬಾಯಿಗೆ ಮಣ್ಣು ಮೆತ್ತಿದರೆ ನೀರು ನಾಲ್ಕು ಮಾರು ಆಚೆ ಇನ್ನೊಂದು ಬಾಯಿಂದ ಹೊರಡುತ್ತದೆ. ಈ ಸುರಂಗಗಳ ಒಳಗೋಡೆಗೆ ಚರ್ಮದಂಥದೇ ಪದರ ಬೆಳೆದುಕೊಳ್ಳುತ್ತದೆ. ಆದ್ದರಿಂದ ಅವು ತಾವಾಗಿ ಮುಚ್ಚಿಕೊಳ್ಳುವುದಿಲ್ಲ, ಆಂಟಿಬಯೋಟಿಕ್‌ನಿಂದ ಒಣಗಿದಂತೆ ಕಂಡರೂ ಮತ್ತೆ ಸೋರುತ್ತವೆ. ತಡೆಯಲಾರದ ನೋವಿನ ಉಬ್ಬು ಎದ್ದಾಗ ಒಂದು ಸಣ್ಣ ಕೊಯ್ತ ಬೇಕಾದೀತು, ಅದನ್ನು ನಾನು ಬೇಡವೆನ್ನುವುದಿಲ್ಲ. ಆದರೆ ಅದನ್ನೇ ಚಿಕಿತ್ಸೆಯೆಂದು ವರ್ಷಗಟ್ಟಲೆ ಮಾಡುತ್ತ ಹೋಗುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಪ್ರತಿ ಕೊಯ್ತವೂ ಒಂದು ಹೊಸ ಕಲೆ ಬಿಡುತ್ತದೆ, ಕೊನೆಗೆ ದೊಡ್ಡ ಆಪರೇಷನ್ ಮಾಡುವವರ ಕೆಲಸ ಅಷ್ಟು ಕಠಿಣವಾಗುತ್ತದೆ. ಸರಿಯಾದ ರೋಗದ ಹೆಸರು ಸಿಗುವುದಕ್ಕೆ ಏಳೆಂಟು ವರ್ಷ ಹಿಡಿಯುವುದು ಜಗತ್ತಿನ ಎಲ್ಲ ಕಡೆಯ ಕಥೆ.

ಕ್ಷಯದ ಮಾತ್ರೆಯಿಂದ ಕಡಿಮೆಯಾದಂತೆ ಕಂಡಿತು ಎಂದು ಬರೆದಿದ್ದೀರಿ. ಅದರಲ್ಲಿ ಆಶ್ಚರ್ಯವಿಲ್ಲ. ಆ ಮಾತ್ರೆಗಳಲ್ಲಿ ರಿಫ್ಯಾಂಪಿಸಿನ್ ಇರುತ್ತದೆ. ಕ್ಲಿಂಡಮೈಸಿನ್ ಜೊತೆ ಸೇರಿಸಿ ನಿಮ್ಮ ಕಾಯಿಲೆಗೂ ಹತ್ತು ಹನ್ನೆರಡು ವಾರ ಕೊಡುವುದು ಅದೇ ಔಷಧವನ್ನು. ನಮ್ಮ ದೇಶದಲ್ಲಿ ಕಂಕುಳಲ್ಲಿ ಸೋರುವ ರಂಧ್ರ ಕಂಡರೆ ಮೊದಲು ಕ್ಷಯ ನೆನಪಾಗುವುದು ಸಹಜ, ನೆನಪಾಗಲೂ ಬೇಕು. ಆದರೆ ಔಷಧ ಶುರುಮಾಡುವ ಮೊದಲು ತುಣುಕು ತೆಗೆದು ಬಯಾಪ್ಸಿ ಮಾಡಿಸಬೇಕು, ಕೀವನ್ನು ಕ್ಷಯದ ರೋಗಾಣು ಹುಡುಕುವ ಜೀನ್ ಎಕ್ಸ್‌ಪರ್ಟ್ ಪರೀಕ್ಷೆಗೆ ಕಳಿಸಬೇಕು. ಆ ವರದಿಗಳು ನಿಮ್ಮಲ್ಲಿದ್ದರೆ ಹುಡುಕಿ ಇಟ್ಟುಕೊಳ್ಳಿ. ಅಡಾಲಿಮುಮ್ಯಾಬ್ ತೆಗೆದುಕೊಳ್ಳುವವರಲ್ಲಿ ಒಳಗೆ ಮಲಗಿರುವ ಕ್ಷಯ ಎಚ್ಚರಗೊಳ್ಳುವ ಅಪಾಯವಿದೆ. ಅದಕ್ಕೇ ಶುರುವಿನಲ್ಲಿ ಎದೆಯ ಎಕ್ಸ್‌ರೇ ಮತ್ತು ಕ್ಷಯದ ಪರೀಕ್ಷೆ ಮಾಡಿಸಿರುತ್ತಾರೆ. ಎರಡು ವಾರ ಬಿಡದ ಕೆಮ್ಮು, ಸಂಜೆಯ ಜ್ವರ, ಕಾರಣವಿಲ್ಲದೆ ಇಳಿಯುವ ತೂಕ ಇವುಗಳಲ್ಲಿ ಯಾವುದು ಕಂಡರೂ ಮರುದಿನವೇ ಡಾಕ್ಟರಿಗೆ ತಿಳಿಸಿ.

ಇನ್ನು ಹಂತದ ಮಾತು. ಹರ್ಲಿ ಎಂಬ ವೈದ್ಯರು 1989ರಲ್ಲಿ ಮಾಡಿದ ವಿಂಗಡಣೆಯನ್ನೇ ನಾವು ಇಂದಿಗೂ ಬಳಸುತ್ತೇವೆ. ಸುರಂಗವಿಲ್ಲದ, ಕಲೆಗಟ್ಟದ ಕುರುಗಳಿದ್ದರೆ ಮೊದಲನೆಯದು. ಸುರಂಗ ಮತ್ತು ಕಲೆ ಇದ್ದು, ನಡುನಡುವೆ ಒಳ್ಳೆಯ ಚರ್ಮ ಉಳಿದಿದ್ದರೆ ಎರಡನೆಯದು. ಒಂದಕ್ಕೊಂದು ಕೂಡಿಕೊಂಡ ಸುರಂಗಗಳು ಇಡೀ ಜಾಗವನ್ನು ಆವರಿಸಿದ್ದರೆ ಮೂರನೆಯದು. ಇಂಜೆಕ್ಷನ್ ಉರಿಯೂತವನ್ನು ತಣಿಸುತ್ತದೆ, ಹೊಸ ಗಂಟುಗಳನ್ನು ತಡೆಯುತ್ತದೆ, ನೋವಿಳಿಸುತ್ತದೆ. ಗಟ್ಟಿಯಾಗಿ ನಿಂತ ಸುರಂಗವನ್ನು ಕರಗಿಸುವ ಶಕ್ತಿ ಅದಕ್ಕೆ ಇಲ್ಲ. ನಿಮ್ಮ ಮೈ ಹೇಳುತ್ತಿರುವುದೂ ಅದನ್ನೇ. ಹಾಗೆಂದು ಆಪರೇಷನ್ ಆಗುತ್ತದಲ್ಲ, ಇಂಜೆಕ್ಷನ್ ಬಿಡೋಣ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅಡಾಲಿಮುಮ್ಯಾಬನ್ನು ಆಪರೇಷನ್ನಿನ ಮೊದಲು, ನಡುವೆ ಮತ್ತು ನಂತರವೂ ನಿಲ್ಲಿಸದೆ ಕೊಟ್ಟು ನೋಡಿದ ಒಂದು ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಅದರಲ್ಲಿ 206 ರೋಗಿಗಳಿದ್ದರು. ಹನ್ನೆರಡನೆಯ ವಾರದಲ್ಲಿ ಔಷಧ ಪಡೆದವರಲ್ಲಿ ಶೇ. 48 ಮಂದಿಗೆ ಗುಣ ಕಂಡಿತು, ಖಾಲಿ ಇಂಜೆಕ್ಷನ್ ಪಡೆದವರಲ್ಲಿ ಶೇ. 34 ಮಂದಿಗೆ. ಗಾಯ ಸೋಂಕಾಗುವುದು, ಬಿಚ್ಚಿಕೊಳ್ಳುವುದು ಹೆಚ್ಚಾಗಲಿಲ್ಲ. ನಾನೂ ಸಾಮಾನ್ಯವಾಗಿ ನಿಲ್ಲಿಸಲು ಹೇಳುವುದಿಲ್ಲ. ಚರ್ಮದ ಡಾಕ್ಟರು ಮತ್ತು ಸರ್ಜನ್ ಒಮ್ಮೆ ಫೋನಿನಲ್ಲಾದರೂ ಮಾತನಾಡಿಕೊಳ್ಳುವಂತೆ ನೋಡಿಕೊಳ್ಳಿ. ಈ ರೋಗದಲ್ಲಿ ಒಬ್ಬರೇ ಗೆಲ್ಲುವುದು ಅಪರೂಪ.

ಆಪರೇಷನ್ ಟೇಬಲ್ಲಿನ ಮೇಲೆ ಏನಾಗುತ್ತದೆ ಎಂದು ತಿಳಿದಿದ್ದರೆ ಭಯ ಕಡಿಮೆಯಾಗುತ್ತದೆ. ನಿಮಗೆ ಪೂರ್ತಿ ಅರಿವಳಿಕೆ ಕೊಟ್ಟು, ತೋಳನ್ನು ಹೊರಕ್ಕೆ ಚಾಚಿ ಹಲಗೆಯ ಮೇಲೆ ಇಟ್ಟಿರುತ್ತಾರೆ. ಮೊದಲು ಬೆರಳಿನಿಂದ ಒತ್ತಿ ಗಟ್ಟಿಯಾದ ಜಾಗವನ್ನೆಲ್ಲ ಪೆನ್ನಿನಲ್ಲಿ ಗುರುತಿಸುತ್ತೇವೆ. ಬಳಿಕ ತುದಿ ಮೊಂಡಾದ ತೆಳ್ಳಗಿನ ಲೋಹದ ಕಡ್ಡಿಯನ್ನು ಒಂದು ರಂಧ್ರದೊಳಗೆ ನಿಧಾನವಾಗಿ ತೂರಿಸುತ್ತೇವೆ. ಹೊರಗಿನಿಂದ ಮೆತ್ತಗೆ, ಚೆನ್ನಾಗಿಯೇ ಕಾಣುವ ಚರ್ಮದ ಕೆಳಗೆ ಹಾದು ಆ ಕಡ್ಡಿಯ ತುದಿ ನಾಲ್ಕು ಬೆರಳು ಆಚೆ ಇನ್ನೊಂದು ರಂಧ್ರದಲ್ಲಿ ಮಿನುಗುವುದುಂಟು. ಕೆಲವರು ನೀಲಿ ಬಣ್ಣದ ದ್ರಾವಣ ಹಾಯಿಸಿ ದಾರಿ ಕಂಡುಕೊಳ್ಳುತ್ತಾರೆ, ಕೆಲವರು ಹಿಂದಿನ ದಿನವೇ ಸೋನೋಗ್ರಫಿ ಮಾಡಿ ನಕ್ಷೆ ಬರೆದುಕೊಳ್ಳುತ್ತಾರೆ. ಗುರುತಿನಿಂದ ಸುಮಾರು ಒಂದು ಸೆಂಟಿಮೀಟರ್ ಆಚೆಗೆ ಕೊಯ್ತ ಹಾಕುತ್ತೇವೆ. ಸುರಂಗ ತೆರೆದಾಗ ಒಳಗೆ ಬೂದು ಮಿಶ್ರಿತ ಕೆಂಪಿನ, ಲೋಳೆಯಂಥ ಮಾಂಸ ಇರುತ್ತದೆ, ಗಾಜ್ ಬಟ್ಟೆಯಲ್ಲಿ ಒರೆಸಿದರೆ ಎದ್ದುಬರುತ್ತದೆ. ಕಲೆಗಟ್ಟಿದ ಭಾಗ ಬೆಳ್ಳಗೆ, ಕತ್ತರಿಗೆ ಗರಗರ ಎನ್ನುವಷ್ಟು ಗಟ್ಟಿ. ಇವೆರಡೂ ಮುಗಿದು ಎಲ್ಲ ಕಡೆಯೂ ಸ್ವಚ್ಛವಾದ ಹಳದಿ ಕೊಬ್ಬು ಕಾಣುವ ತನಕ ತೆಗೆಯುತ್ತ ಹೋಗಬೇಕು. ಅಂಚಿನಲ್ಲಿ ಲೋಳೆಯ ಒಂದು ಚುಕ್ಕೆ ಕಂಡರೂ ಅದರ ಹಿಂದೆ ಸುರಂಗವಿದೆ ಎಂದೇ ಅರ್ಥ. ಕೈಗೆ ಹೋಗುವ ದೊಡ್ಡ ರಕ್ತನಾಳ, ನರಗಳು ಇದಕ್ಕಿಂತ ಆಳದಲ್ಲಿ, ಇನ್ನೊಂದು ಪದರದ ಕೆಳಗಿವೆ. ರೋಗ ಅಲ್ಲಿಗೆ ಇಳಿಯುವುದು ಬಹಳ ಅಪರೂಪ. ತೋಳಿನ ಒಳಬದಿಗೆ ಸ್ಪರ್ಶ ಕೊಡುವ ಒಂದು ಸಣ್ಣ ನರ ಮಾತ್ರ ದಾರಿಯಲ್ಲಿ ಸಿಗುತ್ತದೆ. ಆ ಜಾಗ ಕೆಲವು ತಿಂಗಳು ಜೋಮು ಹಿಡಿದಂತೆ ಇರಬಹುದು, ಕೆಲವರಿಗೆ ಹಾಗೆಯೇ ಉಳಿಯಲೂಬಹುದು. ತೆಗೆದ ಚರ್ಮವನ್ನು ತಪ್ಪದೆ ಪ್ರಯೋಗಾಲಯಕ್ಕೆ ಕಳಿಸಬೇಕು. ಬಹಳ ವರ್ಷ ಸೋರಿದ ಗಾಯದಲ್ಲಿ, ಅದರಲ್ಲೂ ಗಂಡಸರ ಪೃಷ್ಠ ಮತ್ತು ಗುದದ ಸುತ್ತಲಿನ ರೋಗದಲ್ಲಿ, ಕ್ಯಾನ್ಸರ್ ಅಡಗಿರುವುದುಂಟು. ನಿಮ್ಮ ವಯಸ್ಸಿಗೂ ಜಾಗಕ್ಕೂ ಅದರ ಸಂಭವ ತೀರಾ ಕಡಿಮೆ. ಆದರೂ ವರದಿ ಕೈಯಲ್ಲಿರಲಿ.

ಸುರಂಗದ ಮೇಲ್ಛಾವಣಿಯನ್ನಷ್ಟೇ ಕತ್ತರಿಸಿ ತೆಗೆದು ತಳವನ್ನು ಹಾಗೆಯೇ ಮಾಯಲು ಬಿಡುವ ಚಿಕ್ಕ ಆಪರೇಷನ್ನೂ ಇದೆ. ಎರಡನೆಯ ಹಂತದಲ್ಲಿ ಅದು ತುಂಬ ಉಪಯುಕ್ತ, ಅನೇಕರಿಗೆ ಅಷ್ಟೇ ಸಾಕಾಗುತ್ತದೆ. ನಿಮ್ಮ ತೊಡೆಸಂದಿನ ರೋಗ ಈಚಿನದು ಎಂದಿದ್ದೀರಿ, ಅಲ್ಲಿಗೆ ಅದೇ ಸಾಕಾಗಬಹುದು. ಕೇಳಿ ನೋಡಿ. ಕಂಕುಳಿಗೆ ಸಾಲದು.

ಈಗ ಮುಚ್ಚುವ ವಿಷಯ. ನಿಮ್ಮ ಇಬ್ಬರು ಸರ್ಜನ್‌ಗಳೂ ಹೇಳದೆ ಬಿಟ್ಟ ಮೂರನೆಯ ದಾರಿಯಿಂದ ಶುರುಮಾಡುತ್ತೇನೆ. ಏನನ್ನೂ ಹಾಕದೆ ಗಾಯವನ್ನು ತೆರೆದಿಟ್ಟು, ದಿನವೂ ಡ್ರೆಸ್ಸಿಂಗ್ ಮಾಡುತ್ತ, ತಳದಿಂದ ತಾನಾಗಿ ತುಂಬಿಕೊಳ್ಳಲು ಬಿಡುವುದು. ಕೇಳಿದರೆ ಎದೆ ಝಲ್ಲೆನ್ನುತ್ತದೆ. ಅಂಗೈಯಗಲದ ಗಾಯವನ್ನು ಹಾಗೇ ಬಿಡುವುದೇ ಎಂದು ರೋಗಿಗಳು ಕೇಳುತ್ತಾರೆ. ಆದರೆ ಕಂಕುಳಿನ ಗಾಯ ಹೀಗೆ ಮಾಯ್ದಾಗ ಉಳಿಯುವ ಕಲೆ ನಾವು ಊಹಿಸಿದ್ದಕ್ಕಿಂತ ಚಿಕ್ಕದಾಗಿ, ಮೆತ್ತಗೆ ಇರುತ್ತದೆ, ವ್ಯಾಯಾಮ ತಪ್ಪಿಸದಿದ್ದರೆ ಕೈಯೂ ಚೆನ್ನಾಗಿ ಆಡುತ್ತದೆ. ಬೇರೆ ಕಡೆಯ ಚರ್ಮಕ್ಕೆ ಕೈ ಹಾಕಬೇಕಾಗಿಲ್ಲ. ಕಷ್ಟವೆಂದರೆ ಕಾಲ. ಎರಡು ಮೂರು ತಿಂಗಳು ಡ್ರೆಸ್ಸಿಂಗ್ ಬೇಕು. ದಿನಕ್ಕೆ ಎರಡು ಮೂರು ಗಂಟೆ ಲೋಕಲ್ ಟ್ರೈನಿನಲ್ಲಿ ಕಳೆಯುವ, ಮಳೆಗಾಲದಲ್ಲಿ ನೆನೆದು ಕಚೇರಿ ಸೇರುವ ನಿಮಗೆ ಅದು ದೊಡ್ಡ ಹೊರೆ. ಮನೆಯಲ್ಲಿಯೇ ಇರಲು ಸಾಧ್ಯವಿರುವವರಿಗೆ ನಾನು ಇದನ್ನು ಧೈರ್ಯವಾಗಿ ಹೇಳುತ್ತೇನೆ.

ಚರ್ಮ ಕಸಿಯಲ್ಲಿ ತೊಡೆಯಿಂದ ಕಾಗದದಷ್ಟು ತೆಳುವಾದ ಪದರವನ್ನು ಹೆರೆದು ಗಾಯದ ಮೇಲೆ ಹೊದಿಸುತ್ತಾರೆ. ಗಾಯದ ತಳ ಹಸನಾಗಿರಬೇಕು, ಆದ್ದರಿಂದ ಕೆಲವು ಸಲ ಮೊದಲು ಗಾಯದ ದ್ರವವನ್ನು ಯಂತ್ರದಿಂದ ಹೀರುವ ವ್ಯಾಕ್ ಡ್ರೆಸ್ಸಿಂಗ್ ಹಾಕಿ ಕೆಲವು ದಿನ ಕಾದು ಕಸಿ ಮಾಡುತ್ತಾರೆ. ಸುಮಾರು ಐದನೆಯ ದಿನ ತೆರೆದು ನೋಡಿದಾಗ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಕಸಿ ಹಿಡಿದಂತೆ. ರೋಗ ಮರಳುವ ಸಂಭವ ಇದರಲ್ಲಿ ತೀರಾ ಕಡಿಮೆ, ಆ ಚರ್ಮದಲ್ಲಿ ಕೂದಲ ಬುಡವೇ ಇರುವುದಿಲ್ಲ. ತೊಂದರೆ ಎರಡು. ತೊಡೆಯ ಹೆರೆದ ಜಾಗ ಮೊದಲ ಕೆಲವು ದಿನ ಕಂಕುಳಿಗಿಂತ ಹೆಚ್ಚು ಉರಿಯುತ್ತದೆ, ಮಾಯಲು ಎರಡು ಮೂರು ವಾರ ಬೇಕು. ಎರಡನೆಯದು ಗಂಭೀರವಾದದ್ದು: ತೆಳು ಕಸಿ ಸಂಕುಚಿಸುತ್ತದೆ. ತೋಳನ್ನು ಮೈಯಿಂದ ದೂರ ಚಾಚಿ ಹಿಡಿಯುವ ಸ್ಪ್ಲಿಂಟ್ ಹಾಕಿಕೊಳ್ಳದೆ, ವ್ಯಾಯಾಮ ಮಾಡದೆ ಬಿಟ್ಟರೆ ಕಂಕುಳು ಗಂಟು ಹಾಕಿದಂತೆ ಎಳೆದುಕೊಂಡು ತೋಳು ಭುಜದ ಮಟ್ಟಕ್ಕೂ ಏರದೆ ಹೋಗಬಹುದು.

ಫ್ಲ್ಯಾಪ್‌ನಲ್ಲಿ ಚರ್ಮ, ಅದರ ಕೆಳಗಿನ ಕೊಬ್ಬು, ಅವಕ್ಕೆ ರಕ್ತ ತರುವ ನಾಳ ಮೂರೂ ಒಟ್ಟಿಗೆ ಬರುತ್ತವೆ. ಕಂಕುಳಿಗೆ ಹೆಚ್ಚಾಗಿ ಬೆನ್ನಿನ ಬದಿಯ ಚರ್ಮವನ್ನು ಬಳಸುತ್ತೇವೆ. ಅಲ್ಲಿ ಸ್ನಾಯುವನ್ನು ಹಾದು ಮೇಲೆ ಬರುವ ಒಂದು ಸಣ್ಣ ರಕ್ತನಾಳವನ್ನು ಡಾಪ್ಲರ್ ಯಂತ್ರದ ಸದ್ದಿನಿಂದ ಗುರುತಿಸಿ, ಸ್ನಾಯುವಿಗೆ ಕೈ ಹಚ್ಚದೆ, ಆ ನಾಳದ ಮೇಲೆಯೇ ಚರ್ಮವನ್ನು ತಿರುಗಿಸಿ ಮುಂದಕ್ಕೆ ತರುತ್ತೇವೆ. ಬೆನ್ನಿನ ಗಾಯ ಒಂದು ಗೆರೆಯಾಗಿ ಹೊಲಿಗೆಯಲ್ಲಿ ಮುಚ್ಚುತ್ತದೆ, ಅದನ್ನು ರವಿಕೆಯ ಕೆಳಗೆ ಬರುವಂತೆ ಯೋಜಿಸಬಹುದು. ಫ್ಲ್ಯಾಪ್ ಸಂಕುಚಿಸುವುದಿಲ್ಲ. ಎರಡು ಮೂರು ವಾರದಲ್ಲಿ ಕೈ ಎತ್ತಲು ಶುರುಮಾಡಬಹುದು, ದಿನದಿನದ ಡ್ರೆಸ್ಸಿಂಗ್ ರಗಳೆ ಇಲ್ಲ. ಆಪರೇಷನ್ ದೀರ್ಘವಾದದ್ದು, ಕೈ ಪಳಗಿದ ಪ್ಲಾಸ್ಟಿಕ್ ಸರ್ಜನ್ ಬೇಕು. ಫ್ಲ್ಯಾಪಿನ ತುದಿ ಕಪ್ಪಾಗಿ ಸ್ವಲ್ಪ ಭಾಗ ನಷ್ಟವಾಗುವುದು ಆಗೀಗ ನಡೆಯುತ್ತದೆ. ಮೈ ತುಂಬಿಕೊಂಡವರಲ್ಲಿ ಫ್ಲ್ಯಾಪ್ ದಪ್ಪವಾಗಿ, ಮೊದಲ ತಿಂಗಳುಗಳಲ್ಲಿ ಕಂಕುಳಲ್ಲಿ ಏನೋ ಇಟ್ಟುಕೊಂಡಂತೆ ಅನ್ನಿಸುತ್ತದೆ. ಬೇಕಾದರೆ ಮುಂದೆ ಕೊಬ್ಬು ಹೀರಿ ತೆಳುಮಾಡಬಹುದು.

ಅಂಚಿಗೆ ಅಂಚು ಸೇರಿಸಿ ನೇರ ಹೊಲಿಗೆ ಹಾಕುವುದನ್ನು ನಿಮ್ಮ ಹಂತದಲ್ಲಿ ನಾನು ಇಷ್ಟಪಡುವುದಿಲ್ಲ. ಹಾಗೆ ಹೊಲಿಯಲು ಸಾಧ್ಯವಾಯಿತೆಂದರೆ ತೆಗೆದದ್ದು ಕಡಿಮೆಯೆಂದೇ ಹೆಚ್ಚಿನ ಸಂದರ್ಭಗಳಲ್ಲಿ ಅರ್ಥ. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ ರೋಗ ಮರಳಿದ್ದು ಛಾವಣಿ ಮಾತ್ರ ತೆಗೆದವರಲ್ಲಿ ಶೇ. 27, ಗಂಟಿನ ಸುತ್ತ ಮಾತ್ರ ಕೊಯ್ದವರಲ್ಲಿ ಶೇ. 22, ವಿಶಾಲವಾಗಿ ತೆಗೆದವರಲ್ಲಿ ಶೇ. 13. ವಿಶಾಲವಾಗಿ ತೆಗೆದವರೊಳಗೆ ನೇರ ಹೊಲಿಗೆಗೆ ಶೇ. 15, ಫ್ಲ್ಯಾಪ್‌ಗೆ ಶೇ. 8, ಕಸಿಗೆ ಶೇ. 6. ಫ್ಲ್ಯಾಪ್ ಮತ್ತು ಕಸಿಯ ನಡುವಿನ ಅಂತರ ಎಷ್ಟು ಸಣ್ಣದು ನೋಡಿ. ಹಾಗಾಗಿ ಮರಳುವ ಭಯದಿಂದ ಇವೆರಡರಲ್ಲಿ ಒಂದನ್ನು ಆರಿಸಬೇಕಾಗಿಲ್ಲ. ಜೀವನಕ್ಕೆ ಯಾವುದು ಒಗ್ಗುತ್ತದೆ ಎಂದು ನೋಡಿ ಆರಿಸಿ. ಬೇಗ ಕೆಲಸಕ್ಕೆ ಮರಳಬೇಕು, ತಲೆಯ ಮೇಲಿನ ಹಿಡಿಕೆ ಹಿಡಿದು ನಿಲ್ಲಬೇಕು, ಮುಂದೆ ಮಗುವನ್ನು ಎತ್ತಬೇಕು ಎನ್ನುವ ನಿಮಗೆ, ಬೆನ್ನಿನ ಚರ್ಮ ಸಡಿಲವಾಗಿದ್ದು ರೋಗ ಬೆನ್ನಿನ ಕಡೆಗೆ ಹರಡಿಲ್ಲವಾದರೆ, ಫ್ಲ್ಯಾಪ್ ಕಡೆಗೇ ನನ್ನ ಮನಸ್ಸು ವಾಲುತ್ತದೆ. ಆದರೆ ಕಸಿ ಎಂದ ಸರ್ಜನ್ ಇಂಥ ರೋಗಿಗಳನ್ನು ಹೆಚ್ಚು ನೋಡಿದವರಾಗಿ, ಪೂರ್ತಿ ತೆಗೆಯುತ್ತೇನೆ ಎನ್ನುವವರಾಗಿ, ಒಳ್ಳೆಯ ಫಿಸಿಯೊಥೆರಪಿ ವ್ಯವಸ್ಥೆ ಇಟ್ಟುಕೊಂಡವರಾಗಿದ್ದರೆ ಅವರ ಬಳಿಗೇ ಹೋಗಿ.

ಎರಡೂ ಕಂಕುಳನ್ನು ಒಂದೇ ದಿನ ಮಾಡಿಸಬೇಡಿ. ರಜೆ ಉಳಿಯುತ್ತದೆ ಎಂದು ಅನೇಕರು ಕೇಳುತ್ತಾರೆ. ಎರಡೂ ತೋಳು ಕಟ್ಟಿಕೊಂಡ ಮೇಲೆ ತುತ್ತು ಬಾಯಿಗಿಡುವುದಕ್ಕೂ ಶೌಚಕ್ಕೂ ಇನ್ನೊಬ್ಬರ ಕೈ ಬೇಕಾಗುತ್ತದೆ. ಹೆಚ್ಚು ತೊಂದರೆ ಕೊಡುತ್ತಿರುವ ಕಡೆ ಮೊದಲು ಆಗಲಿ, ತೊಡೆಸಂದನ್ನು ಅದರ ಜೊತೆಗೇ ಮುಗಿಸಬಹುದು. ಇನ್ನೊಂದು ಕಂಕುಳು ಎರಡು ಮೂರು ತಿಂಗಳ ನಂತರ.

ಅದಕ್ಕೂ ಮೊದಲು ಮಾಡಬೇಕಾದದ್ದು ಸ್ವಲ್ಪ ಇದೆ. ವರ್ಷಗಟ್ಟಲೆ ಕೀವು ಸೋರಿದವರಲ್ಲಿ ಹಿಮೋಗ್ಲೋಬಿನ್ ಮತ್ತು ಅಲ್ಬುಮಿನ್ ಎಂಬ ರಕ್ತದ ಪ್ರೋಟೀನ್ ಇಳಿದಿರುತ್ತವೆ. ಪರೀಕ್ಷೆ ಮಾಡಿಸಿ ಸರಿಪಡಿಸಿಕೊಳ್ಳಿ, ಇಲ್ಲದಿದ್ದರೆ ಕಸಿಯೂ ಹಿಡಿಯುವುದಿಲ್ಲ, ಫ್ಲ್ಯಾಪೂ ಮಾಯುವುದಿಲ್ಲ. ಸಕ್ಕರೆ ಪರೀಕ್ಷೆಯೂ ಬೇಕು. ಮುಟ್ಟು ಏರುಪೇರಾಗುತ್ತಿದ್ದರೆ ಪಿಸಿಒಎಸ್ ಎಂಬ ಹಾರ್ಮೋನಿನ ತೊಂದರೆ ಇದೆಯೇ ನೋಡಿಸಿ, ಈ ರೋಗದ ಜೊತೆ ಅದು ಆಗಾಗ ಕಾಣುತ್ತದೆ. ತಂಬಾಕು ಮುಟ್ಟುವುದಿಲ್ಲ ಎನ್ನುವ ಹೆಂಗಸರನ್ನೂ ನಾನು ಒಂದು ಮಾತು ಬಿಡಿಸಿ ಕೇಳುತ್ತೇನೆ: ಹಲ್ಲುಜ್ಜಲು ಮಿಶ್ರಿ ಬಳಸುತ್ತೀರಾ? ಮಹಾರಾಷ್ಟ್ರದ ಮನೆಗಳಲ್ಲಿ ಇದು ಸಾಮಾನ್ಯ, ನಮ್ಮವರೂ ಕಲಿತಿದ್ದಾರೆ. ಅದು ಸುಟ್ಟ ಹೊಗೆಸೊಪ್ಪೇ. ಅದರ ನಿಕೋಟಿನ್ ಫ್ಲ್ಯಾಪಿನ ಸೂಕ್ಷ್ಮ ರಕ್ತನಾಳಗಳನ್ನು ಬಿಗಿಯುತ್ತದೆ. ಆಪರೇಷನ್ನಿಗೆ ಕನಿಷ್ಠ ನಾಲ್ಕು ವಾರ ಮೊದಲು ನಿಲ್ಲಿಸಿರಬೇಕು.

ಮಗುವಿನ ವಿಷಯಕ್ಕೆ ಬರೋಣ. ಈ ರೋಗವಾಗಲಿ ಆಪರೇಷನ್ನಾಗಲಿ ತಾಯಿಯಾಗುವುದಕ್ಕೆ ಅಡ್ಡಿಯಲ್ಲ. ಎರಡೂ ಕಂಕುಳು ಮಾಯ್ದ ಮೇಲೆ ಗರ್ಭದ ಯೋಚನೆ ಮಾಡಿದರೆ ನಿಮಗೇ ಹಗುರ. ಅಸಿಟ್ರೆಟಿನ್ ಎಂಬ ಮಾತ್ರೆಯನ್ನು ಯಾರಾದರೂ ಬರೆದುಕೊಟ್ಟರೆ ನಿಮ್ಮ ಯೋಜನೆಯನ್ನು ಹೇಳಿ ಬೇಡವೆನ್ನಿ. ಅದನ್ನು ನಿಲ್ಲಿಸಿದ ಮೇಲೂ ಮೂರು ವರ್ಷ ಗರ್ಭ ಧರಿಸಬಾರದು. ಅಡಾಲಿಮುಮ್ಯಾಬನ್ನು ಬಸಿರಿನಲ್ಲಿಯೂ ಡಾಕ್ಟರ ಸಲಹೆಯಂತೆ ಮುಂದುವರಿಸುವುದುಂಟು, ಆದರೆ ಕೊನೆಯ ತಿಂಗಳುಗಳಲ್ಲಿ ಅದು ಮಗುವಿಗೆ ದಾಟುತ್ತದೆ. ನಮ್ಮಲ್ಲಿ ಮಗು ಹುಟ್ಟಿದ ಕೂಡಲೇ ಕ್ಷಯದ ವಿರುದ್ಧದ ಬಿಸಿಜಿ ಹಾಕಿಬಿಡುತ್ತಾರೆ. ಅದು ಜೀವಂತ ಲಸಿಕೆ. ಔಷಧದ ಪ್ರಭಾವವಿರುವ ಮಗುವಿಗೆ ಅದನ್ನು ಕೆಲವು ತಿಂಗಳು ತಡೆಯಬೇಕಾಗುತ್ತದೆ. ಹೆರಿಗೆಯ ಚೀಟಿಯ ಮೇಲೆಯೇ ಇಂಜೆಕ್ಷನ್ನಿನ ಹೆಸರು ಮತ್ತು ಕೊನೆಯ ಡೋಸಿನ ತಾರೀಖು ದೊಡ್ಡದಾಗಿ ಬರೆಸಿ.

ಆಪರೇಷನ್ ನಂತರ ಕೈ ಎತ್ತುವುದು ಅರ್ಧ ಸರ್ಜನ್ ಕೈಯಲ್ಲಿ, ಅರ್ಧ ನಿಮ್ಮ ಕೈಯಲ್ಲಿ. ಸರ್ಜನ್ ಅನುಮತಿ ಕೊಟ್ಟ ದಿನದಿಂದ ಗೋಡೆಗೆ ಎದುರಾಗಿ ನಿಂತು, ಬೆರಳುಗಳನ್ನು ಗೋಡೆಯ ಮೇಲೆ ಒಂದೊಂದೇ ಹೆಜ್ಜೆ ಇಡಿಸುತ್ತ ಮೇಲಕ್ಕೆ ಹತ್ತಿಸಿ. ತಲುಪಿದ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ, ಮರುದಿನ ಅದಕ್ಕಿಂತ ಒಂದು ಬೆರಳು ಮೇಲಕ್ಕೆ ಹೋಗಿ. ನೋವಾಗುತ್ತದೆ. ನೋವಿನ ಮಾತ್ರೆ ನುಂಗಿ ಅರ್ಧ ಗಂಟೆ ಬಿಟ್ಟು ಮಾಡಿ, ನೋವೆಂದು ಬಿಡಬೇಡಿ. ತಲೆ ಬಾಚುವುದು, ಹಿಂದಿನ ಗುಂಡಿ ಹಾಕುವುದು, ಅಡುಗೆಮನೆಯ ಮೇಲಿನ ಶೆಲ್ಫಿನಿಂದ ಡಬ್ಬಿ ಇಳಿಸುವುದು, ಈ ಮೂರು ಆದರೆ ನಿಮ್ಮ ಭುಜ ನಿಮಗೆ ಮರಳಿತು ಎಂದುಕೊಳ್ಳಿ. ಕಸಿ ಮಾಡಿದ ಚರ್ಮ ಬೆವರುವುದಿಲ್ಲ, ಒಣಗಿ ಬಿರಿಯುತ್ತದೆ. ದಿನಕ್ಕೆರಡು ಸಲ ತೆಂಗಿನೆಣ್ಣೆ ಸವರಿ ಮೆಲ್ಲನೆ ತಿಕ್ಕಬೇಕು. ಕುಳಿತು ಮಾಡುವ ಕೆಲಸಕ್ಕೆ ಫ್ಲ್ಯಾಪ್ ಆದವರು ಮೂರು ನಾಲ್ಕು ವಾರದಲ್ಲಿ ಮರಳಬಹುದು, ಕಸಿ ಆದವರಿಗೆ ಇನ್ನೆರಡು ವಾರ ಹೆಚ್ಚು ಹಿಡಿಯುತ್ತದೆ. ಕೆಲಸಕ್ಕಿಂತ ಪ್ರಯಾಣವೇ ಕಠಿಣ. ಬೆಳಗಿನ ಜನಜಂಗುಳಿಯಲ್ಲಿ ಯಾರಾದರೂ ತೋಳನ್ನು ಜಗ್ಗಿದರೆ ಹೊಲಿಗೆ ಕಿತ್ತುಬಂದೀತು. ಆರೆಂಟು ವಾರ ಹೊತ್ತು ಬದಲಿಸಿ, ಡೊಂಬಿವಲಿಯಿಂದಲೇ ಹೊರಡುವ ಲೋಕಲ್ ಹಿಡಿದು ಕುಳಿತೇ ಹೋಗಿ. ಕಚೇರಿಯವರು ಒಪ್ಪಿದರೆ ಆ ಕಾಲವನ್ನು ಮನೆಯಿಂದಲೇ ಕೆಲಸ ಮಾಡಿ ಕಳೆಯಿರಿ. ಅವಸರವಿಲ್ಲದಿದ್ದರೆ ಮಳೆ ನಿಂತ ಮೇಲೆ, ದೀಪಾವಳಿಯ ಆಸುಪಾಸಿನಲ್ಲಿ ದಿನ ಗೊತ್ತುಮಾಡಿ. ಡ್ರೆಸ್ಸಿಂಗ್ ಒದ್ದೆಯಾಗದೆ ಉಳಿಸಿಕೊಳ್ಳುವುದು ಆಗ ಸುಲಭ.

ಮತ್ತೆ ಬರುವುದಿಲ್ಲವೇ ಎಂದು ಕೇಳಿದ್ದೀರಿ. ಪೂರ್ತಿ ತೆಗೆದ ಜಾಗದಲ್ಲಿ ಮರಳುವುದು ಕಡಿಮೆ, ಆದರೆ ಅಂಚಿನಲ್ಲಿ ಒಂದೆರಡು ಗಂಟು ಕಾಣಿಸಬಹುದು. ಚಿಕ್ಕದಿರುವಾಗಲೇ ತೋರಿಸಿದರೆ ಸೂಜಿಯಲ್ಲೋ ಸಣ್ಣ ಕೊಯ್ತದಲ್ಲೋ ಮುಗಿಯುತ್ತದೆ. ಮೈಯ ಬೇರೆ ಸಂದುಗಳಲ್ಲಿ ರೋಗ ತಲೆಯೆತ್ತುವುದನ್ನು ಕಂಕುಳಿನ ಆಪರೇಷನ್ ತಡೆಯಲಾರದು. ಅದಕ್ಕೇ ಇಂಜೆಕ್ಷನ್ ಮುಂದುವರಿಯಬೇಕು, ತೂಕ ಹೆಚ್ಚಿದ್ದರೆ ಇಳಿಸಬೇಕು. ಅಡಾಲಿಮುಮ್ಯಾಬ್ ಸಾಲದವರಿಗೆ ಸೆಕುಕಿನುಮ್ಯಾಬ್ ಎಂಬ ಇನ್ನೊಂದು ಇಂಜೆಕ್ಷನ್ ಇದೆ, ಈ ರೋಗಕ್ಕೆ ಅದನ್ನು ಅಮೆರಿಕ ಮತ್ತು ಯುರೋಪುಗಳಲ್ಲಿ 2023ರಲ್ಲಿ ಮಾನ್ಯ ಮಾಡಿದ್ದಾರೆ.

ದುಡ್ಡಿನ ಬಗ್ಗೆ ನೀವು ಬರೆದಿಲ್ಲ, ಆದರೂ ಹೇಳುತ್ತೇನೆ. ಪರೇಲ್‌ನ ಕೆಇಎಂ, ಸಯನ್, ಮುಂಬಯಿ ಸೆಂಟ್ರಲ್‌ನ ನಾಯರ್, ಈ ಮೂರೂ ಪಾಲಿಕೆ ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗಗಳಿವೆ. ಸಾಲು ಉದ್ದ, ಕಾಯುವುದು ಇರುತ್ತದೆ. ಆದರೆ ಫ್ಲ್ಯಾಪ್ ಮತ್ತು ಕಸಿ ಅಲ್ಲಿಯವರ ದಿನನಿತ್ಯದ ಕೆಲಸ. ಖಾಸಗಿಯಲ್ಲಿ ಮಾಡಿಸುವುದಾದರೆ ವಿಮೆಯವರಿಗೆ ಕೊಡುವ ಕಾಗದವನ್ನು ಮೊದಲೇ ಓದಿ. ಪ್ಲಾಸ್ಟಿಕ್ ಸರ್ಜರಿ ಎಂಬ ಮಾತು ಕಂಡರೆ ಸೌಂದರ್ಯ ಚಿಕಿತ್ಸೆ ಎಂದು ತಳ್ಳಿಹಾಕುವ ಪ್ರಯತ್ನ ನಡೆಯುತ್ತದೆ. ರೋಗದ ಹೆಸರು, ಹಂತ, ಸೋರುವ ಸುರಂಗಗಳು, ತೋಳಿನ ಚಲನೆಗೆ ಆಗಿರುವ ಅಡ್ಡಿ, ಇವನ್ನೆಲ್ಲ ಬರೆದು ಸರ್ಜನ್ ಸಹಿ ಹಾಕಿದ ಪತ್ರವನ್ನು ಮುಂಗಡವಾಗಿ ಸಲ್ಲಿಸಿ.

ಮುಂದಿನ ಭೇಟಿಗೆ ಹೋಗುವಾಗ ಹಳೆಯ ಬಯಾಪ್ಸಿ ವರದಿ, ಹಿಂದಿನ ಕೊಯ್ತಗಳ ಚೀಟಿಗಳು, ಇಂಜೆಕ್ಷನ್ ತಾರೀಖುಗಳು, ಕೀವು ಹೆಚ್ಚಿದ ದಿನ ಮೊಬೈಲಿನಲ್ಲಿ ತೆಗೆದ ಚಿತ್ರ ಎಲ್ಲವನ್ನೂ ಒಯ್ಯಿರಿ. ಇಬ್ಬರು ಸರ್ಜನ್‌ಗಳನ್ನೂ ಒಂದೇ ಪ್ರಶ್ನೆ ಕೇಳಿ: ಎಲ್ಲಿಯವರೆಗೆ ತೆಗೆಯುತ್ತೀರಿ, ಪೆನ್ನಿನಲ್ಲಿ ನನ್ನ ತೋಳಿನ ಮೇಲೆ ಗೆರೆ ಎಳೆದು ತೋರಿಸುತ್ತೀರಾ? ಗಂಡನನ್ನು ಜೊತೆಗೆ ಕರೆದೊಯ್ಯಿರಿ, ಆ ಗೆರೆಯನ್ನು ಅವರೂ ನೋಡಲಿ.